ಬಳಚಿಕೇರಿ

ಕಾರವಾರದ ಮೀನುಪೇಟೆಯಲ್ಲಿ
ಇಸ್ಪೀಟಿನ ಎಲೆ ಮಗುಚಿಟ್ಟು ಎದ್ದವನಿಗೆ
"ಏನೋ, ಬಳಚಿಕೇರಿಯಾ?" ಅನ್ನುತ್ತಾರೆ.
ಹೆಣ್ಣು ನೋಡಿ, ಚಾ ಕುಡಿದು, ಸುದ್ದಿಯೇ ಇಲ್ಲದೆ ಹೋದವರು
ಬಳಚಿಕೇರಿ ಮಾಡಿದರು.
ಅರ್ಧ ಘಟ್ಟ ಹತ್ತಿ ಹಿಂದೆ ಜಾರಿದ ಟೆಂಪೋ,
ಅದೂ.
ನಾನು ತಾರ್ಲೆ ಬುಟ್ಟಿಗೆ ಮಂಜುಗಡ್ಡೆ ಒಡೆದು ಹಾಕುತ್ತ
ತಲೆ ಎತ್ತುವುದಿಲ್ಲ.
ಹುಟ್ಟಿದ್ದು ಅಲ್ಲಿ.

ಊರೆಂದರೆ ಅಳಿವೆಯ ಬಾಯಿಗೆ ಹನ್ನೊಂದು ಮನೆ,
ಇಳಿತದ ಹೊತ್ತು ಮೊಣಕಾಲುದ್ದ ಕೆಸರು,
ಕಾಲ್ಬೆರಳಲ್ಲಿ ತಡವಿದರೆ ಬಳಚು.
ಹೆಸರು ಬಂದದ್ದು ಅಷ್ಟಕ್ಕೇ.

ಆ ರಾತ್ರಿ ಒಂಬತ್ತು ದೋಣಿ ಹೊರಟಿದ್ದವು.
ದೇವಗಡದ ದೀಪ ದಾಟುವ ಮೊದಲು
ಅಪ್ಪ, ಗೊಯ್ದು ಹರಿಕಂತ್ರ, ಕೈ ಅದ್ದಿ ನೀರು ಮೂಸಿದ.
ಏನು ಮೂಸಿದನೋ, ಸಾಯುವತನಕ ಹೇಳಲಿಲ್ಲ.
"ತಿರುಗಿಸು" ಅಂದ.
ನಮ್ಮೂರಿನ ನಾಲ್ಕು ತಿರುಗಿದವು,
ಉಳಿದ ಐದು ಹೋದವು.

ನೀವು ಈಗ ಕಾಯುತ್ತಿರುವುದು ಬಿರುಗಾಳಿಗೆ ತಾನೆ?
ನಾವೂ ಕಾದೆವು.
ದಂಡೆಯಲ್ಲಿ ಕೂತು,
ಹೇಳಲು ನಾಚಿಕೆ,
ಒಂದಿಷ್ಟು ಬರಲಿ, ಒಂದಿಷ್ಟೇ, ಎಂದುಕೊಂಡೆವು.
ಎಲೆ ಅಲುಗಲಿಲ್ಲ.
ಬೆಳಗಿಗೆ ಐದೂ ದೋಣಿ ಬಂಗಡೆ ತುಂಬಿ
ನೀರಿನ ಮೇಲೆ ನಾಲ್ಕೇ ಬೆರಳು ಅಂಚು ಉಳಿಸಿಕೊಂಡು ಬಂದವು.
ಜೊತೆಗೆ ನಗು.

ನಗು ಬೈತಖೋಲದಿಂದ ಬಸ್ ಸ್ಟ್ಯಾಂಡಿಗೆ ನಡೆಯಿತು,
ಅಲ್ಲಿಂದ ಟಿಕೆಟ್ಟಿಲ್ಲದೆ ಎಲ್ಲ ಕಡೆಗೆ.
ಅಪ್ಪ ಆಮೇಲೂ ಹದಿನೇಳು ವರ್ಷ ಸಮುದ್ರಕ್ಕೆ ಹೋದ;
ಮೀನು ಮಾತ್ರ ಆಯಿ
ಅಂಕೋಲೆಯ ಬಸ್ಸು ಹತ್ತಿ ಮಾರಿ ಬರುತ್ತಿದ್ದಳು.

ಹೋದ ವಾರ ಧಕ್ಕೆಯಲ್ಲಿ ನಿಂತಿದ್ದೆ.
ಯಾರದೋ ವಾಯರ್‌ಲೆಸ್ ಗೊರಗೊರ ಅನ್ನುತ್ತಿತ್ತು,
ಅದರೊಳಗಿಂದ ಒಂದು ಎಳೆಯ ದನಿ:
"ಬಳಚಿಕೇರಿ, ಬಳಚಿಕೇರಿ, ಎಲ್ಲರೂ ಬಳಚಿಕೇರಿ!"
ನಗು ಇರಲಿಲ್ಲ ಅದರಲ್ಲಿ. ಎರಡು ಸಲ ಕೇಳಿದೆ, ಇರಲಿಲ್ಲ.
ದೂರದಲ್ಲಿ ದೀಪಗಳು
ಒಂದೊಂದಾಗಿ ಮುಖ ಈ ಕಡೆ ಮಾಡಿದವು.
ಗಾಳಿ ಬಂತೋ ಇಲ್ಲವೋ,
ಈ ಸಲ ನಾನು ಲೆಕ್ಕ ಇಡಲಿಲ್ಲ.

ಹಗ್ಗ ಬಿಗಿಯುತ್ತಿದ್ದ ಹುಡುಗನ ಹತ್ತಿರ ಕೇಳಿದೆ:
"ಎಲ್ಲಿದೆಯೋ ಅದು?"
"ಯಾವುದು ಅಕ್ಕಾ?"
"ಬಳಚಿಕೇರಿ."
"ಅಯ್ಯ, ಅದು ಊರಲ್ಲ. ಹಾಗೆ ಅನ್ನೋದು, ಅಷ್ಟೇ.
ವಾಪಸ್ ಬನ್ನಿ ಅಂತ."

ಹೌದು ಮಗಾ, ಅಂದೆ.
ಚಪ್ಪಲಿಯೊಳಗೆ ಕಾಲ್ಬೆರಳು
ಕೆಸರು ತಡವುತ್ತಿತ್ತು.