ನಾಮಮಾತ್ರದ ಒಡೆಯ

ಸಿತೂ ಜಿಂಗ್‌ಹೇ ಅವರಿಗೆ.
ನೀವು ಸಿತೂ, ನಾನು ಸೆಟೋ.
ಬರೆದರೆ ಅವೇ ಎರಡು ಅಕ್ಷರ,
ಓದಿದರೆ ನಡುವೆ ಎರಡೂವರೆ ಗಂಟೆಯ ವಿಮಾನ.

ಹಾಂಗ್‌ಕಾಂಗಿನ ಒಂದು ದಲ್ಲಾಳಿ ಕಚೇರಿಯಲ್ಲಿ
ಚುಕ್ತಾ ವಿಭಾಗದವಳು ನಾನು, ಹದಿನಾರನೇ ಮಹಡಿ.
ಕೊಂಡವರ ಖುಷಿ ನನ್ನ ಮೇಜಿಗೆ ಬರುವುದಿಲ್ಲ,
ಮಾರಿದವರ ಪೇಚಾಟವೂ.
ಬರುವುದು ಆಮೇಲಿನದು:
ಯಾರು ಯಾರಿಗೆ ಎಷ್ಟು ಕೊಡಬೇಕು,
ಯಾವ ಗಂಟೆಯೊಳಗೆ.
ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ
ಆಗಬಾರದೆಂದು ಇಬ್ಬರ ನಡುವೆ ಒಂದು ಮನೆ ನಿಂತಿರುತ್ತದೆ,
ಕೊಂಡವನಿಗೆ ತಾನೇ ಮಾರಿದವನಾಗಿ,
ಮಾರಿದವನಿಗೆ ತಾನೇ ಕೊಂಡವನಾಗಿ.
ನಮ್ಮ ಮನೆಯಲ್ಲಿ ಹಾಗೆ ಯಾರೂ ನಿಂತಿರಲಿಲ್ಲ.

ಅಪ್ಪ ತೀರಿಕೊಂಡು ಎಂಟು ತಿಂಗಳು.
ನ್ಯಾಯಾಲಯದ ಮೊಹರು ಬಿದ್ದ ಮೇಲೆ ಅವರ ಖಾತೆ ತೆರೆದೆ.
ನಿಮ್ಮ ಶಾಂಘೈಯ ಒಂದು ಹೊಲಿಗೆ ಯಂತ್ರದ ಕಂಪನಿ,
ಎಂಟುನೂರು ಷೇರು.
ಜೊತೆಗಿದ್ದ ಲಕೋಟೆಯಲ್ಲಿ ನಿಮ್ಮ ಹೆಸರು, ವಿಳಾಸ.
ಒಂದು ಸಾಲು: ಇವು ಹಿರಿಯವನಿಗೆ.

ಹಿರಿಯವಳು ನಾನೆಂದುಕೊಂಡಿದ್ದೆ.

ನಿಮಗೆ ಒಂದೂವರೆ ವರ್ಷವಿದ್ದಾಗ
ಕಾಲ್ಚೆಂಡಿನ ಬ್ಲಾಡರು ಎದೆಗೆ ಕಟ್ಟಿಕೊಂಡು
ಕೊಲ್ಲಿಯನ್ನು ಈಜಿ ದಾಟಿದವರು.
ಬ್ಲಾಡರಿನ ಕಥೆ ನೂರು ಸಲ ಕೇಳಿದ್ದೇವೆ.
ಒಂದೂವರೆ ವರ್ಷದ್ದು, ಒಮ್ಮೆಯೂ ಇಲ್ಲ.

ನಿಯಮ ಹೀಗಿದೆ, ಕೇಳಿ.
ಇಲ್ಲಿಂದ ಉತ್ತರಕ್ಕೆ ಹೋದ ಹಣ ನಿಮ್ಮಲ್ಲಿ ಉಳಿಯುವಂತಿಲ್ಲ.
ಕೊಳವೆಯಲ್ಲಿ ಹೋದದ್ದು ಕೊಳವೆಯಲ್ಲೇ ಮರಳಬೇಕು,
ನಡುವೆ ಒಂದು ಬಟ್ಟಲು ನೂಡಲ್ಸಿಗೂ ಇಳಿಯಕೂಡದು.
ನಿಮ್ಮಲ್ಲಿ ಷೇರು ಅದೇ ರಾತ್ರಿ ಕೈ ಬದಲಿಸುತ್ತದೆ, ದುಡ್ಡು ಮರುದಿನ.
ನಮ್ಮಲ್ಲಿ ಎರಡೂ ಎರಡು ದಿನ ಕಾಯುತ್ತವೆ,
ಒಂದರ ಮುಖ ಒಂದು ನೋಡಿಕೊಂಡು.
ಮುದ್ರಾಂಕ ತೆರಿಗೆ
ನಿಮ್ಮಲ್ಲಿ ಬಿಟ್ಟುಕೊಟ್ಟವನಿಗೆ ಮಾತ್ರ, ಸಾವಿರಕ್ಕೆ ಅರ್ಧ.
ನಮ್ಮಲ್ಲಿ ಬಿಟ್ಟವನಿಗೂ ಪಡೆದವನಿಗೂ, ಸಾವಿರಕ್ಕೆ ಒಂದೊಂದು.
ಹತ್ತೊಂಬತ್ತು ವರ್ಷ ಈ ಲೆಕ್ಕ ಹಾಕಿದ್ದೇನೆ.
ಯಾವುದು ನ್ಯಾಯವೆಂದು ಈ ವಾರ ಮೊದಲ ಸಲ ಯೋಚಿಸಿದೆ.

ಇನ್ನೊಂದು ಹೇಳಬೇಕು.
ನಿಮ್ಮ ಊರಿನ ಷೇರುದಾರರ ಪಟ್ಟಿಯಲ್ಲಿ ಅಪ್ಪನ ಹೆಸರಿಲ್ಲ.
ಅಲ್ಲಿರುವುದು ನಮ್ಮ ತೀರುವೆ ಮನೆಯ ಹೆಸರು,
ನಾಮಮಾತ್ರದ ಒಡೆಯ.
ಅದರಡಿ ದಲ್ಲಾಳಿ, ದಲ್ಲಾಳಿಯಡಿ ಅಪ್ಪ.
ಆರು ವರ್ಷ ಹಾಗೆ ಶಾಂಘೈಯಲ್ಲಿದ್ದರು,
ಲಾಭಾಂಶ ಬಂದಾಗಲೆಲ್ಲ ಹತ್ತರಲ್ಲೊಂದು ಪಾಲು ಕಟ್ಟಿ,
ಯಾರ ಕಣ್ಣಿಗೂ ಬೀಳದೆ.

ಸಾವು ಮಾರಾಟವಲ್ಲ.
ಉತ್ತರಾಧಿಕಾರಕ್ಕೆ ಬೇರೆ ನಮೂನೆ ಇದೆ,
ಬೆಲೆಯ ಕಲಮು ಖಾಲಿ ಬಿಡಬಹುದು.
ಆದರೆ ಒಳನಾಡಿನವರಿಗೆ ಈ ದಾರಿಯಲ್ಲಿ ಕಾಲಿಡಲು ಅಪ್ಪಣೆಯಿಲ್ಲ.
ಷೇರು ನಿಮ್ಮ ಮನೆಯಿಂದ ನಾಲ್ಕು ಬೀದಿ ಆಚೆ,
ನನ್ನ ಕೈಯಿಂದ ಅದು ನಿಮ್ಮ ಕೈಗೆ ಬರುವಂತಿಲ್ಲ.

ಮಂಗಳವಾರ ಮಾರಿದೆ. ಹದಿನಾಲ್ಕು ಯುವಾನ್ ಇಪ್ಪತ್ತರಂತೆ.
ಮುದ್ರಾಂಕ, ಬಿಟ್ಟವರ ಲೆಕ್ಕಕ್ಕೆ:
ಐದು ಯುವಾನ್ ಅರವತ್ತೆಂಟು.
ತಪ್ಪಿರಬೇಕೆಂದು ಮೂರು ಸಲ ಕೂಡಿದೆ.
ತಪ್ಪಿರಲಿಲ್ಲ.

ಹಣ ಮರಳಿ ಬಂದಿದೆ, ಇಲ್ಲೇ ಇದೆ.
ಬ್ಯಾಂಕು ನೇರ ಕಳಿಸಬಹುದು ಎನ್ನುತ್ತದೆ, ಕಾಗದ ಬಹಳ.
ನೀವೇ ಬರುವುದಾದರೆ ರೈಲಿದೆ.
ಗುರುತಿನ ಚೀಟಿ ತನ್ನಿ. ಹುಟ್ಟಿದ ದಾಖಲೆಯನ್ನೂ,
ಅದರಲ್ಲಿ ಅಪ್ಪನ ಹೆಸರು ಬರೆದಿದ್ದರೆ.
ಬರೆಯದಿದ್ದರೂ ಬನ್ನಿ.

ಅಮ್ಮ ಈ ಬಗ್ಗೆ ಏನೂ ಮಾತಾಡಿಲ್ಲ.
ನಿನ್ನೆ ಸಂತೆಯಲ್ಲಿ ಮಾತ್ರ
ಶಾಂಘೈಯವರು ಹಂದಿ ಮಾಂಸದ ಸಾರಿಗೆ
ಸಕ್ಕರೆ ಎಷ್ಟು ಹಾಕುತ್ತಾರೆಂದು
ಕಟುಕನನ್ನು ಕೇಳುತ್ತಿದ್ದಳು.

ಸೆಟೋ ವಾಯ್‌ಫಾಂಗ್