ಕೈಯಲ್ಲಿ ಒಂದು

ಗುದೈಬಿಯಾದ ಮೂರನೆಯ ಮಹಡಿ. ಲಿಫ್ಟ್ ಕೆಟ್ಟಿದೆ.
ನೀನು ಹುಟ್ಟುವ ಮೊದಲೂ ಕೆಟ್ಟೇ ಇತ್ತು, ಅನ್ನುತ್ತಿದ್ದಳು ಅಮ್ಮ
ಮೆಟ್ಟಿಲು ಎಣಿಸುತ್ತ.
ಏಳೆಂಟ್ಲ ಐವತ್ತಾರು, ಎಂದು ಉಸಿರು ಬಿಟ್ಟು
ಬೀಗ ತೆಗೆಯುವಳು.

ದಯಾವತಿ ಟೀಚರ್. ಲೆಕ್ಕದ ಟೀಚರ್.
ಇಪ್ಪತ್ತೊಂಬತ್ತು ವರ್ಷ ಒಂದೇ ಶಾಲೆ, ಅದೇ ಬೇಗೆಯ ಬಸ್ಸು.
ಸೀಮೆಸುಣ್ಣ ಹೋಗಿ ಮಾರ್ಕರ್ ಬಂದ ದಿನ
"ಧೂಳೇ ಇಲ್ಲವಲ್ಲ, ಕಲಿಸಿದ್ದಕ್ಕೆ ಸಾಕ್ಷಿ ಏನು?" ಎಂದು
ಸೆರಗು ಕೊಡವಿ ಕೊಡವಿ ನೋಡಿಕೊಂಡಳು.
ತಪ್ಪು ಉತ್ತರಕ್ಕೆ ಇಂಟು ಹಾಕಿದವಳಲ್ಲ.
ಎಲ್ಲಿ ಜಾರಿತೋ ಆ ಸಾಲಿನ ಮಗ್ಗುಲಲ್ಲಿ ಒಂದು ಚುಕ್ಕೆ,
ಪೆನ್ಸಿಲ್ಲಿನದು, ಅಳಿಸಬಹುದಾದದ್ದು,
ಇಲ್ಲಿಂದ ವಾಪಸು ಬಾ ಅನ್ನುವಷ್ಟು.

ಕೂಡುವಾಗ ಕೈಯಲ್ಲಿ ಒಂದು, ಮರೆಯಬೇಡ.
ಕಳೆಯುವಾಗ ಸಾಲದಿದ್ದರೆ ಪಕ್ಕದ ಮನೆಯಿಂದ ಕಡ.
ನನಗೆ ಬಹಳ ದಿನ ಪಕ್ಕದ ಮನೆಯೆಂದರೆ ಉಮ್ಮ್ ಜಾಸಿಮ್:
ಸಕ್ಕರೆ, ಇಸ್ತ್ರಿಪೆಟ್ಟಿಗೆ, ಒಮ್ಮೆ ಇಡೀ ರಾತ್ರಿಯ ನಿದ್ದೆ,
ನನಗೆ ಜ್ವರ ನೆತ್ತಿಗೇರಿ, ಅಪ್ಪ ಡ್ರೈಡಾಕಿನ ಪಾಳಿಯಲ್ಲಿದ್ದಾಗ.
ರಂಜಾನಿನ ಹರೀಸ್ ತಂದ ತಟ್ಟೆ
ನೀರ್ದೋಸೆ ಹೊತ್ತು ಹಿಂದಿರುಗುತ್ತಿತ್ತು.
ಒಬ್ಬರ ಭಾಷೆ ಒಬ್ಬರಿಗೆ ಪೂರಾ ಬರಲೇ ಇಲ್ಲ,
ಟೊಮೆಟೊ ಬೆಲೆಗೆ ಜಗಳವಾಡುವಷ್ಟು ಬರುತ್ತಿತ್ತು.

ತೊಂಬತ್ತೊಂದರ ಜನವರಿ. ಸೈರನ್.
ಕಿಟಕಿಗಳಿಗೆ ಕಂದು ಟೇಪು. ಕಟ್ಟಡದ ಮಕ್ಕಳೆಲ್ಲ ಮೆಟ್ಟಿಲ ಕೆಳಗೆ,
ಕೊಲ್ಲಂನವರು, ಗೋವಾದವರು, ಉಮ್ಮ್ ಜಾಸಿಮಳ ಮೂವರು.
ಅಮ್ಮ ಹದಿಮೂರರ ಮಗ್ಗಿ ಶುರುಮಾಡಿದಳು.
"ಹದಿಮೂರೇ ಯಾಕೆ?"
"ಕಷ್ಟದ್ದಾದರೆ ಕಿವಿ ಬೇರೆ ಕಡೆ ಹೋಗುವುದಿಲ್ಲ."
ಆಮೇಲೆ ಕುವೈತಿನ ಹೊಗೆ ಬಂತು. ಮಟಮಟ ಮಧ್ಯಾಹ್ನ ದೀಪ.
ಒಣಹಾಕಿದ ಬಿಳಿ ಸೀರೆ ಮಸಿಯಾಗಿ ಒಳಗೆ ಬಂದ ದಿನ
ಅವಳು ದೇವರೊಡನೆ ಮಾತುಬಿಟ್ಟಳು.
ಮರುದಿನ ಶುಕ್ರವಾರ, ಸಭೆಗೆ ಹೋದಳು.
ಯಾರು ಮೊದಲು ರಾಜಿಯಾದರೋ, ಕೇಳುವ ಧೈರ್ಯ ನಮಗಿರಲಿಲ್ಲ.

ಸಭೆ ಅಂದರೆ ಕಾಂಪೌಂಡಿನ ಹಿಂದಿನ ಹಾಲು.
ತಮಿಳರು ಎದ್ದು ತೆಲುಗರು ಬರುವ ನಡುವೆ
ಕನ್ನಡಕ್ಕೆ ಸಿಕ್ಕ ಒಂದು ಗಂಟೆ ಹತ್ತು ನಿಮಿಷ.
ಕುರ್ಚಿಗಳಲ್ಲಿ ಇನ್ನೂ ಬೇರೆಯವರ ಬಿಸಿ.
ಕಣ್ಣು ಮುಚ್ಚುವ ಮೊದಲು ವಾಚು ನೋಡುವಳು,
ಆಮೆನ್ ಅಂದು ಮತ್ತೆ ನೋಡುವಳು.
ರಾತ್ರಿ ಮಂಚದ ಪಕ್ಕ ಮೊಣಕಾಲೂರಿದವಳು
ಹಾಗೇ ನಿದ್ದೆಹೋಗುವಳು,
ಉತ್ತರಪತ್ರಿಕೆಯೊಂದು ಕೆನ್ನೆಗೆ ಅಂಟಿಕೊಂಡು.
"ಕೇಳಿದ್ದು ಸಿಕ್ಕಿತಾ ಅಮ್ಮ?"
"ಆತನಿಗೂ ತಿದ್ದಲು ಕಟ್ಟುಗಟ್ಟಲೆ ಪೇಪರು ಮಾರಾಯ್ತಿ,
ಕಾಯಬೇಕು."

ಹನ್ನೊಂದು ದಿನವಾಯಿತು.
ಸಲ್ಮಾಬಾದಿನ ಮಣ್ಣು ಮಣ್ಣಲ್ಲ, ಮರಳು.
ಹಿಡಿ ಮಾಡಿದರೆ ನಿಲ್ಲುವುದಿಲ್ಲ.

ಇವತ್ತು ಶಾಲೆಯ ಆಫೀಸಿನಲ್ಲಿ ಅವಳ ಕೊನೆಯ ಲೆಕ್ಕ:
ಕೈಬರಹದ ಒಂದು ಹಾಳೆ, ದಿನಾರು, ಫಿಲ್ಸು.
ಸಹಿ ಹಾಕಿ ಅಂದರು. ಕೂಡಿ ನೋಡಿದೆ.
ಮೂರನೆಯ ಸಾಲಿನಲ್ಲಿ ಯಾರೋ
ಕೈಯಲ್ಲಿದ್ದ ಒಂದನ್ನು ಮರೆತಿದ್ದರು.
ಬಾಯಿ ತೆರೆಯಲಿಲ್ಲ. ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡು
ಮಗ್ಗುಲಲ್ಲಿ ಚುಕ್ಕೆ ಇಟ್ಟೆ.
ಗುಮಾಸ್ತ ಚುಕ್ಕೆಯನ್ನೇ ನೋಡುತ್ತ ಕೂತ, ತುಂಬ ಹೊತ್ತು,
ಆಮೇಲೆ ಮೇಲಿನಿಂದ ಕೂಡತೊಡಗಿದ.

ಐವತ್ತಾರು.
ಏಸಿಯ ನೀರು ತೊಟ್ಟಿಕ್ಕುವ ಬಕೆಟ್ಟು ತುಂಬಿ
ಬಾಲ್ಕನಿಯಿಡೀ ಹರಿದಿದೆ.
ಕರಿಬೇವಿನ ಕುಂಡಕ್ಕೆ ಮೂರು ಚೊಂಬು ಅನ್ನುತ್ತಿದ್ದಳೋ, ನಾಲ್ಕೋ?
ಕೇಳೋಣವೆಂದು ಒಳಗೆ ತಿರುಗಿದೆ.

ಹೊಸಿಲ ಹೊರಗೆ ಮುಚ್ಚಿಟ್ಟ ತಟ್ಟೆ.
ವಾಕರ್ ಊರಿಕೊಂಡು ತಂದಿಟ್ಟದ್ದು, ಇನ್ನೂ ಬೆಚ್ಚಗಿದೆ.
ಖಾಲಿ ಕಳಿಸುವಂತಿಲ್ಲ.
ಎರಡು ಲೋಟ ಅಕ್ಕಿ ನೆನೆಹಾಕಿದೆ.