ಹನ್ನೊಂದು ಗ್ರಾಂ

ಮೊಟುಯೆಕಾದಲ್ಲಿ ಏಪ್ರಿಲ್ ಎಂದರೆ ಸೇಬಿನ ಕೊನೆಯ ಕೊಯ್ಲು.
ಪ್ಯಾಕಿಂಗ್ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಹಣ್ಣು ಆಯ್ದ ಕೈ ನನ್ನದು,
ಅಂಗೈಗೆ ಬಂದದ್ದರ ತೂಕ ತಾನಾಗಿ ಬಾಯಿಗೆ ಬರುತ್ತದೆ.
ಯೂವನ್ ಕರೆದದ್ದು ಅದಕ್ಕಲ್ಲ,
ಬ್ರೇಕು ತುಳಿದು ಕೂರುವುದಕ್ಕೆ.
"ಟಿಲ್ಲಿ, ನಿನ್ನ ಕಾಲು ಗಟ್ಟಿ."

ಏಳು ಚಳಿಗಾಲ ಹಿಡಿಯಿತು ಈ ವಿಮಾನ.
ಮೈ ಪ್ಲೈವುಡ್ಡು, ಮೇಲೆ ಬಟ್ಟೆ,
ಸೀಟು ಯಾವುದೋ ಹಳೆಯ ದೋಣಿಯದು.
ಎಂಜಿನ್ ಮಾತ್ರ
ಟಾಕಾಕಾ ಗುಡ್ಡದ ತಿರುವಿನಲ್ಲಿ ಬೇಲಿ ಮುರಿದು ನಿಂತ
ಕೆಂಪು ಕಾರಿನ ಹೊಟ್ಟೆಯಿಂದ ಬಂತು.
ಪಿಸ್ಟನ್ನಿಲ್ಲ ಅದಕ್ಕೆ. ಬದಿ ಉಬ್ಬಿದ ಎರಡು ತ್ರಿಕೋನ
ಒಂದರ ಹಿಂದೊಂದು,
ಹಾಲು ಕುಡಿದ ಬೆಕ್ಕಿನ ಹಾಗೆ ಒಳಗೊಳಗೇ ಹೊರಳುತ್ತವೆ.
"ಪಿಸ್ಟನ್ನಿದ್ದರೆ ಒಂದು ನೆಪವಿರುತ್ತಿತ್ತು," ಎನ್ನುತ್ತಾನೆ ಯೂವನ್,
"ಇದು ತಾನಾಗಿ ನಡುಗುವ ಪೈಕಿ ಅಲ್ಲ.
ನಡುಗಿತೋ, ತಪ್ಪು ಪ್ರೊಪೆಲ್ಲರಿನದು."
ಪ್ರೊಪೆಲ್ಲರ್ ಕೆತ್ತಿದವನು ಅವನೇ.

ಚೂರಿಯಂಚಿನಂಥ ಎರಡು ಪಟ್ಟಿಗಳ ಮೇಲಿಟ್ಟು ನೋಡಿದ್ದ ಮೊದಲು.
ಭಾರದ ಅಲಗು ನೆಲ ನೋಡಿತು.
ಹಗುರಾದ ತುದಿಗೆ ಒಂದು ಕೋಟು ವಾರ್ನಿಶ್,
ಒಣಗಲು ಒಂದು ರಾತ್ರಿ, ಮತ್ತೊಂದು ಕೋಟು,
ಬಿಟ್ಟಲ್ಲೇ ನಿಲ್ಲುವವರೆಗೆ.
"ನಿಂತಾಗ ಎಲ್ಲರೂ ಸಭ್ಯರೇ," ಎಂದ ರಾವಿರಿ,
"ತಿರುಗಿಸಿ ನೋಡು."

ಅವನ ಪೆಟ್ಟಿಗೆಯಲ್ಲಿ ಗೇರ್‌ಬಾಕ್ಸಿನ ನೆತ್ತಿಗೆ ಬಿಗಿಯುವ ಒಂದು ಗುಂಡಿ,
ನಡುಕವನ್ನು ಕೇಳುವ ಕಿವಿ ಅದು.
ಅಲಗಿನ ಬೆನ್ನಿಗೆ ಬೆಳ್ಳಿ ಟೇಪಿನ ತುಣುಕು,
ಅದನ್ನೇ ದಿಟ್ಟಿಸುವ ಒಂದು ಬೆಳಕಿನ ಕಣ್ಣು.
ಎಷ್ಟು ನಡುಕ, ಯಾವ ಕಡೆಯ ಭಾರ,
ಎರಡನ್ನೂ ಹೇಳಬೇಕು ಯಂತ್ರ.

ತುಳಿದೆ. ಗರ್ಜಿಸಿತು.
ಹ್ಯಾಂಗರಿನ ತಗಡು, ಬೇಲಿಯ ಹುಲ್ಲು, ನನ್ನ ಕೆನ್ನೆ
ಎಲ್ಲ ಹಿಂದಕ್ಕೆ ಮಲಗಿದವು.
ಸೀಟು ಮಾತ್ರ ಮೆತ್ತಗಿತ್ತು.
ಸೊನ್ನೆ ಪಾಯಿಂಟ್ ಸೊನ್ನೆ ಆರು.
ರಾವಿರಿ ಹೆಬ್ಬೆರಳೆತ್ತಿದ: "ಮನೆಗೆ ನಡೆಯಿರಿ!"

ಯೂವನ್ ಹೋಗಬೇಕಲ್ಲ?
ಬೋಲ್ಟುಗಳನ್ನು ಕೊನೇ ಸಲ ಮುಟ್ಟಿ ನೋಡುತ್ತೇನೆಂದು
ಮೂಗಿನ ಶಂಕು ಬಿಚ್ಚಿದ.
ಒಳಗಿನ ತಟ್ಟೆಯ ಮೂಲೆಯಲ್ಲಿ ಬೇಸಿಗೆಯಲ್ಲಿ ಮೆತ್ತಿದ ಮಣ್ಣು,
ಕಡಜದ ಗೂಡು, ಕುಂಬಾರನ ಕೈಕೆಲಸದ ಹಾಗೆ ನುಣ್ಣಗೆ.
"ಕೊಳೆ!" ಎಂದು ಸ್ಕ್ರೂಡ್ರೈವರಿನಲ್ಲಿ ಕೆರೆದು ಮೊರಕ್ಕೆ ಗುಡಿಸಿದ.
ಶುದ್ಧ ಮನುಷ್ಯ. ಚಹದ ಬಟ್ಟಲನ್ನೂ ಎರಡು ಸಲ ತೊಳೆಯುತ್ತಾನೆ.

ಮತ್ತೆ ತುಳಿದೆ.
ಈ ಸಲ ಹಲ್ಲಿಗೆ ಹಲ್ಲು ತಾಗಿತು.
ದಿಕ್ಸೂಚಿಯ ಮುಳ್ಳು ಎರಡಾಗಿ ಕಂಡಿತು.
ಸೊನ್ನೆ ಪಾಯಿಂಟ್ ಎರಡು ಎಂಟು.
ಯಂತ್ರ ಕೆಟ್ಟಿದೆ ಎಂದ ಯೂವನ್.
ಯಂತ್ರ ಕೆಟ್ಟಿಲ್ಲ ಎಂದ ರಾವಿರಿ.
ಆಮೇಲೆ ಒಂದು ಗಂಟೆ ಇಬ್ಬರೂ ಮಾತಾಡಲಿಲ್ಲ,
ಒಂದೇ ಸ್ಪ್ಯಾನರನ್ನು ಇಬ್ಬರೂ ಹುಡುಕಿದರು.

ನಾನು ಮೊರದ ಬಳಿ ಕೂತೆ.
ಹೆಂಟೆಯ ಒಡೆದ ಬಾಯೊಳಗೆ ಪುಟ್ಟ ಜೇಡಗಳು,
ಸಾಯದೆ, ಅಲುಗದೆ,
ಮರಿಯ ಬುತ್ತಿಗೆಂದು ಕಟ್ಟಿಟ್ಟವು.
ನಡುವೆ ಅಕ್ಕಿಕಾಳಿನಷ್ಟು ಬಿಳಿ ಹುಳು.
ಎಲ್ಲವನ್ನೂ ಬಳಿದು ಅಂಗೈಗೆ ಹಾಕಿಕೊಂಡೆ.
"ಹನ್ನೊಂದು," ಎಂದಿತು ಬಾಯಿ.
"ಏನು ಹನ್ನೊಂದು?"
"ಗ್ರಾಂ. ಇದು ಎಲ್ಲಿತ್ತೋ ಅಲ್ಲಿಗೆ."

ಅಡುಗೆಮನೆಯ ತಕ್ಕಡಿಯೂ ಹನ್ನೊಂದೇ ಎಂದಿತು.
ಯೂವನ್ ತಕ್ಕಡಿಯನ್ನು ತಟ್ಟಿ ಇನ್ನೊಮ್ಮೆ ತೂಗಿದ.

ಐದನೇ ತೂತಿಗೆ ನಾಲ್ಕು ವಾಷರು.
ಸೊನ್ನೆ ಪಾಯಿಂಟ್ ಸೊನ್ನೆ ಐದು.
ಯಾರೂ ಹೆಬ್ಬೆರಳೆತ್ತಲಿಲ್ಲ.
ರಾವಿರಿ ನಗಲು ಹ್ಯಾಂಗರಿನ ಹಿಂದಕ್ಕೆ ಹೋದ.

ಹುಳುವನ್ನು, ಜೇಡಗಳ ಸಮೇತ, ಬೆಂಕಿಪೆಟ್ಟಿಗೆಯಲ್ಲಿಟ್ಟು
ಕಿಟಕಿಯ ಮೇಲಿಟ್ಟಿದ್ದೇನೆ.
ಬದುಕೀತೋ ಇಲ್ಲವೋ, ನಾನು ಕುಂಬಾರಳಲ್ಲ.

ಯೂವನ್ ಲಾಗ್‌ಬುಕ್ಕಿನಲ್ಲಿ ಬರೆದ:
ವಾಷರ್ ನಾಲ್ಕು, ತೂತು ಐದು, ತಾರೀಖು, ಸಹಿ.
ಮಣ್ಣಿನ ಮಾತಿಲ್ಲ.
ಅವನು ಚಹಕ್ಕೆ ನೀರಿಡಲು ಎದ್ದಾಗ
ಪೆನ್ಸಿಲ್ ತೆಗೆದು ಮೇಲಿನ ಖಾಲಿ ಸಾಲಿನಲ್ಲಿ ಸೇರಿಸಿದೆ:
ಮೊದಲು ಸರಿತೂಗಿಸಿದ್ದು ಕಡಜ. ಸಹಿ ಇಲ್ಲ.

ನೋಡಿದ್ದಾನೆ, ನನಗೆ ಗೊತ್ತು.
ರಬ್ಬರು ಮೇಜಿನ ಮೇಲೇ ಇದೆ,
ಇನ್ನೂ ಅಳಿಸಿಲ್ಲ.